ಒಲೆಗೆ ಹೋದ ಕರಡು

ಏಳನೇ ತರಗತಿಯ ಇಂಗ್ಲಿಷ್ ಟೀಚರ್ ಕಳಿಸಿದ ನಿಯಮಗಳ ಹಾಳೆಗೆ ಡಾರ್ಲಾ ಹಾಲ್ವರ್ಸನ್ ಕಾರಿನಲ್ಲೇ ಸಹಿ ಹಾಕಿದ್ದಳು. ಒಂದು ಕೈಯಲ್ಲಿ ಕಾಫಿ. ಸ್ಟೀರಿಂಗ್ ಮೇಲೆ ಹಾಳೆ.

"ಓದಲ್ವಾ ಅಮ್ಮಾ?" ಎಂದಳು ಪಕ್ಕದಲ್ಲಿದ್ದ ಮಗಳು ಬ್ರಿನ್.

"ಅದರಲ್ಲಿ ಓದೋಕೇನಿದೆ? ಗಲಾಟೆ ಮಾಡಬೇಡಿ, ಪೆನ್ಸಿಲ್ ತನ್ನಿ. ನಾನು ಶಾಲೆಗೆ ಹೋಗ್ತಿದ್ದಾಗಿಂದ ಅದೇ ಕಥೆ."

ಮಿನ್ನೆಸೋಟಾದ ಉತ್ತರದ ತುದಿಯ ಆ ಗಣಿಯೂರಿನಲ್ಲಿ ಹೆಚ್ಚಿನ ತಂದೆ ತಾಯಂದಿರು ಸಹಿ ಹಾಕುವುದು ಹೀಗೆಯೇ. ಅದು ಸೆಪ್ಟೆಂಬರ್. ಆಗ ಬ್ರಿನ್‌ಳ ಅಪ್ಪ ಕರ್ಟ್ ಬದುಕಿದ್ದ. ಎಲೆ ಉದುರುವ ಹೊತ್ತಿಗೆ, ಗಣಿಯಲ್ಲಿ ಕೆಲಸ ಮಾಡುತ್ತಿದ್ದಾಗಲೇ, ಅವನ ಹೃದಯ ನಿಂತುಹೋಯಿತು.

ಜನವರಿಯಲ್ಲಿ ಸರೋವರ ಕಲ್ಲಿನಂತೆ ಹೆಪ್ಪುಗಟ್ಟಿತು. ಊರಿನವರೆಲ್ಲ, ಒಳಗೆ ಕೂತು ಮಂಜುಗಡ್ಡೆಗೆ ಕೊರೆದ ತೂತಿನಿಂದ ಮೀನು ಹಿಡಿಯುವ ತಮ್ಮ ತಮ್ಮ ಮರದ ಗೂಡುಗಳನ್ನು ಟ್ರಕ್ಕಿಗೆ ಕಟ್ಟಿ ಮಂಜುಗಡ್ಡೆಯ ಮೇಲಕ್ಕೆ ಎಳೆದೊಯ್ದರು. ಹಾಲ್ವರ್ಸನ್ ಮನೆಯ ಗೂಡು ಮಾತ್ರ ಹಿತ್ತಲಲ್ಲೇ ಉಳಿಯಿತು. ಅದರ ಬಾಗಿಲಿನ ಅರ್ಧದವರೆಗೆ ಹಿಮ ಏರಿತ್ತು.

ಡಾರ್ಲಾ ಕೆಲಸ ಮಾಡುವುದು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ. ಮಕ್ಕಳ ಅಂಕಗಳು ಈಗ ಫೋನಿನಲ್ಲೇ ಕಾಣುತ್ತವೆ. ಕರ್ಟ್ ಹೋದ ಮೇಲೆ ಅವಳು ಅದನ್ನು ಬಿಡುವು ಸಿಕ್ಕಾಗಲೆಲ್ಲ ತೆರೆದು ನೋಡುತ್ತಿದ್ದಳು. ಮನೆಯಲ್ಲಿ ಮಗಳು ಮಾತನಾಡುವುದು ಕಡಿಮೆಯಾಗಿತ್ತು. ಫೋನಾದರೂ ಏನಾದರೂ ಹೇಳುತ್ತಿತ್ತು.

ಆ ದಿನ ಫೋನು ಹೇಳಿದ್ದು ಸೊನ್ನೆ.

"ಸೊನ್ನೆ ಕೊಟ್ಟಿದ್ದಾರೆ, ಲೊರೇನ್! ನನಗೆ ಸೊನ್ನೆ!"

ಲೊರೇನ್ ನೆರೆಮನೆಯವಳು, ಅದೇ ಕೋಣೆಯಲ್ಲಿ ಜೊತೆಗೆ ಕೆಲಸ ಮಾಡುವವಳು, ವಯಸ್ಸಿನಲ್ಲಿ ದೊಡ್ಡವಳು, ಇಬ್ಬರು ಮೊಮ್ಮಕ್ಕಳನ್ನು ತಾನೇ ಸಾಕಿದವಳು. ಹಾಸಿಗೆಯ ದೊಡ್ಡ ಚಾದರದ ಎರಡು ತುದಿ ಅವಳ ಕೈಯಲ್ಲಿತ್ತು.

"ನಿನಗಾ, ಬ್ರಿನ್‌ಗಾ?"

"ಬ್ರಿನ್‌ಗೆ. ಇಂಗ್ಲಿಷ್ ಪ್ರಬಂಧ. ಚಳಿಗಾಲದ ಒಂದು ನೆನಪು ಅಂತ ಬರಿಯೋಕೆ ಹೇಳಿದ್ರು."

"ಮಿಸೆಸ್ ಓಕರ್‌ಲುಂಡ್ ಕ್ಲಾಸಾ? ಕರಡು ಇಟ್ಟಿದ್ರಾ?"

"ಯಾವ ಕರಡು?"

"ಅಯ್ಯೋ ನಿನ್ನ! ಟೈಪ್ ಮಾಡಿದ್ದರ ಕೆಳಗೆ ಮಗು ಕೈಯಾರೆ ಬರೆದ ಕರಡು ಪಿನ್ ಹೊಡೆದು ಕೊಡಬೇಕು. ಇಲ್ಲಾಂದ್ರೆ ಆಯಮ್ಮ ಓದೋದೇ ಇಲ್ಲ. ನನ್ನ ಮೊಮ್ಮಗ ಕೋಡಿಯ ಕರಡಿನ ಮೇಲೆ ಕೆಚಪ್ ಚೆಲ್ಲಿತ್ತು, ಅದನ್ನೂ ತಗೊಂಡ್ರು. ತಪ್ಪಿದ್ರೂ ಸರಿ, ಗೀಚಿದ್ರೂ ಸರಿ, ಮಗೂದೇ ಆಗಿರಬೇಕು. ನೀನು ಸಹಿ ಹಾಕಿದ ಹಾಳೇಲೇ ಇತ್ತಲ್ಲೇ."

"ಅವಳು ಬರೆದಿದ್ದು ಗಲೀಜು ಹಾಳೆ. ಒಲೆ ಹಚ್ಚೋಕೆ ಹಾಕ್ದೆ."

ಚಾದರ ಲೊರೇನ್‌ಳ ಕಡೆಯಿಂದ ಜೋತುಬಿತ್ತು.

"ಮಗು ಬರೆದಿದ್ದನ್ನಾ?"

"ತುಂಬಾ ತಪ್ಪಿತ್ತು. ನಾನು ಸರಿ ಮಾಡಿ ಟೈಪ್ ಮಾಡಿಕೊಟ್ಟೆ."

"ಎಷ್ಟು ಸರಿ ಮಾಡ್ದೆ?"

ಡಾರ್ಲಾ ತನ್ನ ತುದಿಯನ್ನು ಮಡಿಸಿದಳು. "ಎಲ್ಲಾ."

"ಹಾಗಾದ್ರೆ ಸೊನ್ನೆ ಸರಿಯಾದವರಿಗೇ ಬಂದಿದೆ ಬಿಡು."

"ತಮಾಷೆ ಮಾಡಬೇಡ. ಈಗಲೇ ಪ್ರಿನ್ಸಿಪಾಲರಿಗೆ ಬರೀತೀನಿ. ಅಪ್ಪ ಸತ್ತ ಮಗು ಅಂತಾನೂ ನೋಡಲ್ವಾ ಇವರು?"

"ಫೋನ್ ಕೆಳಗಿಡು. ಮೊದಲು ಬ್ರಿನ್ ಟೀಚರನ್ನ ಕೇಳಬೇಕು, ಆಮೇಲೆ ನೀನು ಅವರ ಹತ್ರ ಹೋಗಬೇಕು. ಪ್ರಿನ್ಸಿಪಾಲ್ ಕಟ್ಟಕಡೆಗೆ. ಅದೂ ಆ ಹಾಳೇಲೇ ಇತ್ತು. ಮಗಳನ್ನ ಕೇಳಿದ್ಯಾ?"

ಡಾರ್ಲಾ ಮಗಳನ್ನು ಕೇಳಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಡಾರ್ಲಾ, ಬ್ರಿನ್, ಟೀಚರ್ ಮೂವರೂ ತರಗತಿಯಲ್ಲಿ ಕೂತರು. ಕಿಟಕಿಯ ಹೊರಗೆ ಆಗಲೇ ಬೆಳಕು ಬೂದಿಯಾಗುತ್ತಿತ್ತು. ಬ್ರಿನ್ ಕೋಟಿನ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಮಿಸೆಸ್ ಓಕರ್‌ಲುಂಡ್ ಟೈಪ್ ಮಾಡಿದ ಪ್ರಬಂಧವನ್ನು ಡಾರ್ಲಾಳ ಮುಂದಿಟ್ಟರು.

"ಈ ಸೊನ್ನೆ ಶಿಕ್ಷೆ ಅಲ್ಲ, ಡಾರ್ಲಾ. ಬ್ರಿನ್ ಬರೆದಿದ್ದು ನನಗಿನ್ನೂ ತಲುಪಿಲ್ಲ ಅಂತ ಅಷ್ಟೇ. ತಿಂಗಳ ಕೊನೆಯೊಳಗೆ ಯಾವಾಗ ಕೊಟ್ರೂ ತಗೋತೀನಿ."

"ಇದರಲ್ಲಿ ಏನು ಕಮ್ಮಿಯಾಗಿದೆ?"

ಟೀಚರ್ ಮೊದಲ ಸಾಲು ಓದಿದರು. ಬಿಳಿ ಮುತ್ತುಗಳಂತೆ ಉದುರುವ ಹಿಮ ಪ್ರಕೃತಿಯ ವರದಾನ, ಎಂದಿತ್ತು ಅದು.

"ನಮ್ಮನೇಲಿ ಮುತ್ತೇ ಇಲ್ಲ" ಎಂದಳು ಬ್ರಿನ್, ಟೋಪಿಯೊಳಗಿಂದ.

ಡಾರ್ಲಾಳ ಮುಖ ಬಿಸಿಯಾಯಿತು. "ಅವಳು ಅವರಪ್ಪನ ಬಗ್ಗೆ ಬರೆದಿದ್ದಳು, ಮಿಸೆಸ್ ಓಕರ್‌ಲುಂಡ್. ಅಂಗಡಿಗೆ ಹೋದ್ರೆ ಜನ ನನ್ನ ಕೈ ಹಿಡ್ಕೊಂಡು ಬಿಡೋದೇ ಇಲ್ಲ. ಇನ್ನು ಮಗು ಕ್ಲಾಸಲ್ಲಿ ನಿಂತು ಅದನ್ನ ಓದಿ, ಎಲ್ಲರೂ ಅಯ್ಯೋ ಅನ್ನೋದು ಬೇಡ ಅಂತ ತೆಗೆದೆ. ತಪ್ಪಾ?"

"ತಪ್ಪು ಅನ್ನಲ್ಲ. ಆದ್ರೆ ಗಟ್ಟಿಯಾಗಿ ಓದೋಕೆ ಇಷ್ಟ ಇಲ್ಲದೋರು ಹಾಳೆಯ ಮೂಲೇಲಿ ಒಂದು ನಕ್ಷತ್ರ ಬರೆದ್ರೆ ಸಾಕು. ಆಗ ನಾನೊಬ್ಬಳೇ ಓದ್ತೀನಿ, ಬೇರೆ ಯಾರೂ ನೋಡಲ್ಲ. ಇಂಥ ಮನೆಗಳಿಗೆ ಅಂತಲೇ ಆ ನಿಯಮ ಇಟ್ಟಿರೋದು."

"ನಾನು ನಕ್ಷತ್ರ ಬರೆದಿದ್ದೆ" ಎಂದಳು ಬ್ರಿನ್.

ಒಲೆಗೆ ಹಾಕುವ ಮುನ್ನ ಹಾಳೆಯ ಮೂಲೆಯಲ್ಲಿ ಏನೋ ಗೀಚಿದ್ದು ಡಾರ್ಲಾಗೆ ಕಂಡಿತ್ತು. ಮಗಳು ಬೇಸರಕ್ಕೆ ಗೀಚಿದ್ದಾಳೆ ಅಂದುಕೊಂಡಿದ್ದಳು.

"ಏನು ಬರೆದಿದ್ದೆ ಬ್ರಿನ್?" ಟೀಚರ್ ಮೆಲ್ಲಗೆ ಕೇಳಿದರು.

"ಗೂಡಿನ ಬಗ್ಗೆ. ಅಪ್ಪನ ತೂತು ಅಪ್ಪಂದು, ನನ್ನ ತೂತು ನಂದು. ನನ್ನ ಗಾಳಕ್ಕೆ ದೊಡ್ಡ ಮೀನು ಬಿದ್ದು ದಾರ ಜಗ್ತಿದ್ರೂ ಅಪ್ಪ ಕೈ ಹಾಕ್ತಿರ್ಲಿಲ್ಲ. ಕೈ ಎರಡೂ ತೊಡೆ ಕೆಳಗೆ ಇಟ್ಕೊಂಡು ಕೂತಿರ್ತಿದ್ದ. ತಪ್ಪಿಸಿಕೊಂಡು ಹೋದ್ರೆ 'ಹೋಗ್ಲಿ ಬಿಡು ಮರೀ, ಅದಕ್ಕೂ ಮನೆ ಇದೆ' ಅಂತಿದ್ದ."

ಕೇಳದೆ ಇನ್ನೊಬ್ಬರ ಗಾಳದ ದಾರ ಮುಟ್ಟಬಾರದು. ಆ ಸರೋವರದ ಮೇಲೆ ಪುಟ್ಟ ಮಕ್ಕಳ ವಿಷಯದಲ್ಲೂ ಅದು ಎಲ್ಲರೂ ಪಾಲಿಸುವ ಮರ್ಯಾದೆ. ಡಾರ್ಲಾ ಹುಟ್ಟಿ ಬೆಳೆದದ್ದು ಅದೇ ದಡದಲ್ಲಿ. ಅವಳು ಮೇಜಿನ ಮೇಲಿದ್ದ ತನ್ನ ಮುತ್ತಿನ ಹಾಳೆಯನ್ನು ತಿರುಗಿಸಿಟ್ಟಳು.

"ನಾನು ಮನೇಲಿ ಏನು ಮಾಡಬೇಕು ಹೇಳಿ" ಎಂದಳು. ಅವಳ ದನಿಯಲ್ಲಿ ಜಗಳ ಮುಗಿದಿತ್ತು.

"ಪೆನ್ನು ಹಿಡೀಬೇಡಿ. ಅವಳೇ ಗಟ್ಟಿಯಾಗಿ ಓದಲಿ, ನೀವು ಕೇಳಿ. ಎಲ್ಲಿ ಅರ್ಥ ಆಗಲಿಲ್ವೋ ಅಲ್ಲಿ 'ಆಮೇಲೇನಾಯ್ತು?' ಅನ್ನಿ, ಸಾಕು. ತಪ್ಪು ತಿದ್ದೋಕೆ ನಾನಿದ್ದೀನಿ, ಸಂಬಳ ಕೊಡೋದೇ ಅದಕ್ಕೆ. ಇನ್ನು ಫೋನಲ್ಲಿ ಅಂಕ ನೋಡೋದು ವಾರಕ್ಕೊಂದು ಸಲ ಇರಲಿ. ಏನಾದ್ರೂ ಕಂಡ್ರೆ ಮೊದಲು ಇವಳನ್ನ ಕೇಳಿ. ಏನೂ ಬರೆಯೋದಿಲ್ಲದ ದಿನ ಇಬ್ರೂ ಒಂದೊಂದು ಪುಸ್ತಕ ಹಿಡ್ಕೊಂಡು ಸುಮ್ನೆ ಕೂತ್ಕೊಳ್ಳಿ. ಮಾತೂ ಬೇಕಾಗಿಲ್ಲ."

ಶನಿವಾರ ಬೆಳಿಗ್ಗೆ ಡಾರ್ಲಾ ಸಲಿಕೆ ಹಿಡಿದು ಹಿತ್ತಲ ಗೂಡಿನ ಬಾಗಿಲಿನ ಹಿಮ ಎತ್ತಿಹಾಕಿದಳು. ಬೇಲಿಯಾಚೆಯಿಂದ ಲೊರೇನ್ ಕೂಗಿದಳು: "ಏನೇ, ಹಿತ್ತಲಲ್ಲೇ ಮೀನು ಹಿಡಿತೀಯಾ?"

"ನಾನಲ್ಲ. ಅವಳು" ಎಂದಳು ಡಾರ್ಲಾ.

ಒಳಗೆ ಕರ್ಟ್‌ನ ಹಳೆಯ ಕೈಗವಸು ಮೊಳೆಗೆ ನೇತುಬಿದ್ದಿತ್ತು. ಪುಟ್ಟ ಒಲೆಯಲ್ಲಿ ಕಟ್ಟಿಗೆ ಹತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ನೆಲದ ತೂತುಗಳಿಗೆ ಎರಡು ಮುಚ್ಚಳಗಳು, ಒಂದು ಅಪ್ಪನದು, ಒಂದು ಮಗಳದು. ಅವುಗಳ ಕೆಳಗೆ ಈಗ ನೀರಿರಲಿಲ್ಲ, ಹಿತ್ತಲ ಸತ್ತ ಹುಲ್ಲಿತ್ತು. ಬ್ರಿನ್ ತನ್ನ ಮುಚ್ಚಳದ ಪಕ್ಕ ಕೂತು ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಆಮೇಲೆ ಓದಿದಳು. ಡಾರ್ಲಾ ಕೇಳಿದಳು. ಕೈವಸ್ತ್ರ ತರಬೇಕಿತ್ತು ಅನ್ನಿಸಿತು, ತಂದಿರಲಿಲ್ಲ.

ನಡುವೆ ಒಂದು ಕಡೆ ಬ್ರಿನ್ ಓದು ನಿಲ್ಲಿಸಿದಳು.

"ಇಲ್ಲೊಂದು ಸಾಲಿತ್ತು ಅಮ್ಮಾ. ಅಪ್ಪ ಸದ್ದಿಲ್ಲದೆ ನಗೋದು ಹೇಗಿತ್ತು ಅಂತ. ಚೆನ್ನಾಗಿ ಬಂದಿತ್ತು. ಈಗ ಎಷ್ಟು ಯೋಚಿಸಿದ್ರೂ ಬರ್ತಿಲ್ಲ. ನೀನು ಓದಿದ್ದೆ ಅಲ್ವಾ? ನಿನಗೆ ನೆನಪಿದ್ಯಾ?"

ಡಾರ್ಲಾ ಓದಿದ್ದಳು. ಅವಳು ಕಣ್ಣು ಮುಚ್ಚಿ ಹುಡುಕಿದಳು. ಆ ಪುಟದಲ್ಲಿ ಎಲ್ಲೆಲ್ಲಿ ತಪ್ಪಿತ್ತು ಎಂಬುದು ಒಂದೊಂದಾಗಿ ನೆನಪಿಗೆ ಬಂತು. ಆ ಸಾಲು ಮಾತ್ರ ಬರಲಿಲ್ಲ.

"ಇಲ್ಲ ಮರೀ."

ಬೇರೆ ಏನಾದರೂ ಹೇಳಿಕೊಡೋಣ ಎಂದು ಮಾತು ನಾಲಿಗೆಯವರೆಗೆ ಬಂತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಬ್ರಿನ್ ಅದನ್ನು ನೋಡಿದಳು. ಆ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟು ಮುಂದಕ್ಕೆ ಓದಿದಳು.

ಸೋಮವಾರ ಕರಡು ಪಿನ್ ಸಮೇತ ಶಾಲೆಗೆ ಹೋಯಿತು, ಮೂಲೆಯಲ್ಲಿ ನಕ್ಷತ್ರ. ಕೆಲವು ದಿನಕ್ಕೆ ಫೋನಿನಿಂದ ಸೊನ್ನೆ ಅಳಿಸಿಹೋಯಿತು. ಖಾಲಿ ಜಾಗ ಹಾಗೇ ಉಳಿಯಿತು.

ತಾಯಂದಿರೇ, ತಂದೆಯರೇ, ನಿಮ್ಮ ಮನೆಗೂ ಶಾಲೆಯಿಂದ ಅಂಥ ಒಂದು ಹಾಳೆ ಬಂದಿರುತ್ತದೆ. ಕಾರಿನಲ್ಲಿ ಸಹಿ ಹಾಕಬೇಡಿ. ಮಗುವಿನ ಪಕ್ಕ ಕೂತು ಓದಿ, ಅರ್ಥವಾಗದ್ದನ್ನು ಟೀಚರನ್ನೇ ಕೇಳಿ. ಮಗು ಬರೆದದ್ದು ಎಷ್ಟೇ ಅಂಕುಡೊಂಕಾಗಿರಲಿ, ಅದನ್ನು ತೆಗೆದಿಡಿ. ತಿದ್ದುವವರು ಶಾಲೆಯಲ್ಲಿದ್ದಾರೆ. ಕೇಳಿಸಿಕೊಳ್ಳುವವರು ಮನೆಯಲ್ಲಿರಬೇಕು. ಇವತ್ತು ಸಂಜೆ ನಿಮ್ಮ ಮಗು ಒಂದು ಹಾಳೆ ಹಿಡಿದು ಬಂದರೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, "ಓದು, ಕೇಳ್ತೀನಿ" ಎನ್ನಿ.