ಅಂಗೈಗೆ ಇಳಿದ ಔಷಧಿ

ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲಿ ಪ್ರಮೋದಾ ಇಪ್ಪತ್ತೆರಡು ವರ್ಷ ಅಚ್ಚು ಕೆಚ್ಚಿದವಳು. ಮಗ್ಗದ ಉದ್ದನೂಲು, ಅಂದರೆ ಹಾಸು, ಮುಗಿಯುತ್ತ ಬಂದಾಗ ಅದರ ಒಂದೊಂದು ರೇಷ್ಮೆ ಎಳೆಗೂ ಹೊಸ ಹಾಸಿನ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಸೇರಿಸುವ ಕೆಲಸ ಅದು. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಅವಳು ಹೊಸೆದದ್ದು ಬಿಚ್ಚಿಕೊಂಡಿತೆಂದು ಯಾರೂ ದೂರಿದ್ದಿಲ್ಲ.

ಅವಳಿಗೆ ಅಂಡಾಶಯದ ಕ್ಯಾನ್ಸರ್ ಎರಡನೆಯ ಸಲ ಕಾಣಿಸಿಕೊಂಡಾಗ ಬೆಂಗಳೂರಿನ ಆಸ್ಪತ್ರೆಯ ಡಾಕ್ಟರ್ ಸಂಘಮಿತ್ರ ಬೇರೆ ಔಷಧಿ ಹೇಳಿದರು. ಪ್ರಮೋದಾಳ ಗಂಡ ಕಾಂತರಾಜು ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ತಿಳಿಯದ್ದನ್ನು ಕೇಳದೆ ಬಿಡುವವನಲ್ಲ.

"ಹೋದ್ಸಲದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಮೇಡಂ?"

"ಈ ಔಷಧಿನ ಹಾಗೇ ರಕ್ತಕ್ಕೆ ಬಿಟ್ರೆ ಹೃದಯಕ್ಕೆ ಪೆಟ್ಟು. ಅದಕ್ಕೇ ಕಣ್ಣಿಗೆ ಕಾಣದಷ್ಟು ಚಿಕ್ಕ ಕೊಬ್ಬಿನ ಗುಳ್ಳೆಗಳೊಳಗೆ ತುಂಬಿರ್ತಾರೆ. ಗುಳ್ಳೆ ಮೇಲೆ ಪಾಲಿಮರ್ ಹೊದಿಕೆ. ಹೊದಿಕೆ ಇಲ್ದಿದ್ರೆ ಲಿವರ್, ಸ್ಪ್ಲೀನ್‌ನಲ್ಲಿರೋ ಕಾವಲು ಜೀವಕೋಶಗಳು ಬೇಗ ನುಂಗ್ಬಿಡ್ತವೆ. ಇದ್ರೆ ದಿನಗಟ್ಟಲೆ ರಕ್ತದಲ್ಲಿ ಸುತ್ತುತ್ತೆ. ಗಡ್ಡೆಯ ರಕ್ತನಾಳಗಳು ಸೋರ್ತಿರ್ತವೆ, ಅಲ್ಲಿ ಒಳಗಿಳಿಯುತ್ತೆ." ಆಮೇಲೆ ಪ್ರಮೋದಾಳ ಕಡೆ ತಿರುಗಿದರು. "ಅಂಗೈ, ಅಂಗಾಲಿನ ಸಣ್ಣ ನಾಳಗಳಲ್ಲೂ ಸೋರಬಹುದಮ್ಮಾ. ಪ್ರತಿ ಡೋಸ್ ಆದ್ಮೇಲೆ ಒಂದು ವಾರ ಬಿಸಿನೀರು ಬೇಡ, ಕೈ ಉಜ್ಜೋ ಕೆಲಸ ಬೇಡ."

ಮೊದಲ ಡೋಸ್ ಸಲೀಸಾಗಿ ಹೋಯಿತು. ಕೂದಲು ಉದುರಲಿಲ್ಲವೆಂದು ಪ್ರಮೋದಾ ಹಿಗ್ಗಿದಳು. ಎರಡನೆಯ ಡೋಸ್ ಆದ ಮೂರನೇ ದಿನ, ಶೆಡ್ಡಿನಲ್ಲಿ ಜೊತೆಗೆ ದುಡಿಯುತ್ತಿದ್ದ ಶಾಕಿರಾ ಫೋನ್ ಮಾಡಿದಳು.

"ಅಕ್ಕಾ, ಹೊಸಬ್ರು ಕೆಚ್ಚಿದ್ದು ಎರಡು ಮೊಳ ನೇಯೋದ್ರೊಳಗೆ ಬಿಚ್ಕೊಳ್ತೈತೆ."

"ಒಂದೇ ಒಂದು ಹಾಸು ಕಣ್ರೀ," ಎಂದು ಪ್ರಮೋದಾ ಗಂಡನನ್ನು ಬೇಡಿದಳು. "ಮನೇಲಿ ಸುಮ್ನೆ ಕೂತ್ರೆ ಸಾಯೋದೇ ಕಣ್ಮುಂದೆ ಬರುತ್ತೆ."

ಕಾಂತರಾಜು ಸ್ಕೂಟರ್ ತೆಗೆದ. ಸಂಜೆ ಕರೆತರಲು ಹೋದಾಗ ಅವಳು ಶಾಕಿರಾಳ ಜೊತೆ ನಗುತ್ತಿದ್ದಳು. ಅವಳು ನಕ್ಕು ತಿಂಗಳುಗಳಾಗಿದ್ದವು.

ವಾರದೊಳಗೆ ಅಂಗೈ ಕೆಂಪಾಯಿತು, ಬೊಬ್ಬೆ ಎದ್ದಿತು, ಚರ್ಮ ಸುಲಿದು ಬಂತು. ಲೋಟ ಹಿಡಿಯಲಾಗದೆ ಅವನ ಕೈಯಿಂದಲೇ ಉಂಡಳು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಮೂರು ಸಲವೂ ಒಪ್ಪಲಿಲ್ಲ.

"ಕೈಗೆ ಕೆಲಸ ಕೊಟ್ರಾ?" ಡಾಕ್ಟರ್ ಕೇಳಿದರು.

ಪ್ರಮೋದಾ ಬಾಯಿ ತೆರೆಯುವ ಮುಂಚೆಯೇ ಕಾಂತರಾಜು "ಇಲ್ಲ ಮೇಡಂ" ಎಂದುಬಿಟ್ಟ.

ಮೂರನೇ ಡೋಸ್ ಎರಡು ವಾರ ಮುಂದಕ್ಕೆ ಹೋಯಿತು, ಪ್ರಮಾಣವೂ ಕಡಿಮೆಯಾಯಿತು. ಅದಾದ ಮೇಲಿನ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿತ್ತು, ಲಿವರಿನಲ್ಲೂ ಎರಡು ಕಂಡವು. ಹೆಂಡತಿಯನ್ನು ಹೊರಗೆ ಕೂರಿಸಿ ಕಾಂತರಾಜು ಒಬ್ಬನೇ ಒಳಗೆ ಹೋದ.

"ಅಷ್ಟೊಂದು ಔಷಧಿ ಎಲ್ಲಿಗೆ ಹೋಯ್ತು ಮೇಡಂ?"

"ಒಂದಷ್ಟು ಚರ್ಮಕ್ಕೆ. ಎಷ್ಟು ಹೊತ್ತು ಸುತ್ತಿದ್ರೂ ಬಹಳಷ್ಟು ಕೊನೆಗೆ ಲಿವರ್, ಸ್ಪ್ಲೀನ್‌ಗೇ ಸೇರುತ್ತೆ. ಗಡ್ಡೆಗೆ ಹೋಗೋದು ಯಾವತ್ತೂ ಸ್ವಲ್ಪಾನೇ. ಕೆಲವರಿಗೆ ಆ ಸ್ವಲ್ಪ ಸಾಕಾಗುತ್ತೆ. ಇವ್ರಿಗೆ ಆಗ್ಲಿಲ್ಲ."

"ಆವತ್ತು ಸುಳ್ಳು ಹೇಳಿದ್ದೆ. ಮಗ್ಗದ ಹತ್ರ ನಾನೇ ಕರ್ಕೊಂಡ್ ಹೋಗಿದ್ದೆ."

ಡಾಕ್ಟರ್ ಸ್ಕ್ಯಾನಿನ ಹಾಳೆಗಳನ್ನು ಕೆಳಗಿಟ್ಟರು. "ಅದ್ರಿಂದ ಕೈ ಹೆಚ್ಚು ಕೆಟ್ಟಿರಬಹುದು. ಕ್ಯಾನ್ಸರ್ ಬೆಳೆದಿದ್ದು ಅದ್ರಿಂದಲ್ಲ."

"ಆ ಎರಡು ವಾರ ತಡ ಆಗ್ದೇ ಇದ್ದಿದ್ರೆ?"

"ಆಗ್ಲೂ ಹೀಗೇ ಆಗ್ತಿತ್ತು ಅನ್ಸುತ್ತೆ."

ಉಳಿದದ್ದೇನೂ ಅವನಿಗೆ ಕೇಳಿಸಲಿಲ್ಲ. ಅನ್ಸುತ್ತೆ ಎಂಬ ಒಂದು ಮಾತನ್ನೇ ಹೊತ್ತು ಊರಿಗೆ ಬಂದ.

ಔಷಧಿ ನಿಲ್ಲಿಸಿದರು. ತಿಂಗಳೊಪ್ಪತ್ತಿನಲ್ಲಿ ಅಂಗೈಯ ಚರ್ಮ ಎಳೆಯದಾಗಿ, ನುಣ್ಣಗೆ ಬೆಳೆದುಬಂತು. ಅಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಒಂದೆರಡು ಸಲ ತೆಗೆಸಿದರೂ ಮತ್ತೆ ತುಂಬಿತು, ಆಮೇಲೆ ಎದ್ದು ಕೂರುವುದೂ ಅವಳಿಗೆ ಆಗದಾಯಿತು.

ಒಂದು ಮಧ್ಯಾಹ್ನ ಅವನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುವುದು ಅವಳಿಗೆ ಕಂಡಿತು.

"ಕೈಗೆ ಕೆಲಸ ಕೊಟ್ಟಿದ್ದಕ್ಕೆ ಆಗಿದ್ದಲ್ಲ ಅಂತ ಡಾಕ್ಟರು ಅಂದ್ರು, ನೀವೇ ಹೇಳಿದ್ರಲ್ಲ?"

"ಹೂಂ, ಅಂದ್ರು."

"ಮತ್ಯಾಕೆ ಅಳ್ತೀರಿ?"

ಅವನು ಬೆನ್ನಿಗೆ ಕೈಕೊಟ್ಟು ಅವಳನ್ನು ನಿಧಾನವಾಗಿ ಮಗ್ಗುಲು ಬದಲಿಸಿ ಮಲಗಿಸಿದ.