ಮೂಲೆಯಿಂದ ಮೂಲೆಗೆ

ಕೊಯ್ಲು ಮುಗಿದು ಹೊಲಗಳು ಬರಿದಾಗಿ ಬಿದ್ದಿದ್ದ ಕಾಲ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಶೆಡ್ಡಿನ ಪೂರ್ವದ ಬಾಗಿಲಿನಿಂದ ಬಿಸಿಲು ಒಳಗೆ ಬರುವುದರೊಳಗೆ ಅಳತೆ ಮುಗಿಸಿಬಿಡಬೇಕೆಂದು ಸೊಸೆ ನೆಲದ ಮೇಲೆ ಮೊಣಕಾಲೂರಿ ಕೂತಿದ್ದಳು. ಬಿಸಿಲು ಬಿದ್ದ ಕಡೆಯ ಕಬ್ಬಿಣ ಕೂದಲೆಳೆಯಷ್ಟು ಹಿಗ್ಗುತ್ತದೆ, ನೆರಳಿನ ಕಡೆಯದು ಹಿಗ್ಗುವುದಿಲ್ಲ, ಆಮೇಲೆ ಯಾವುದನ್ನು ನಂಬುತ್ತೀ ಎಂದು ಮಾವ ಅವಳಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಗಂಡ ಲಾರಿ ಹತ್ತಿ ತಿಂಗಳುಗಟ್ಟಲೆ ಊರೂರು ಸುತ್ತುವವನು. ಗಾಡಿಗಳನ್ನು ನೆಟ್ಟಗೆ ಮಾಡುವ ಮನೆಯ ಕಸುಬು ಮಗನ ಕೈಗೆ ಬಾರದೆ ಸೊಸೆಯ ಕೈಗೆ ಬಂದು ಏಳು ವರ್ಷವಾಗಿತ್ತು.

ಅವಳ ಮುಂದೆ, ತುಕ್ಕು ತೆಗೆದು ಹೊಸದಾಗಿ ಬಣ್ಣ ಬಳಿಯಲೆಂದು ಬಂದಿದ್ದ ಊರಿನ ನರ್ಸಮ್ಮನ ಹಳೆಯ ಕಾರಿನ ಚಾಸಿ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು. ಮೇಲಿನ ಮೈಯನ್ನು ಎಂಟು ಜನ ಎತ್ತಿ ಹೊರಗಿನ ಮರದ ಕೆಳಗೆ ಇಟ್ಟು ಬಂದಿದ್ದರು. ಇಲ್ಲಿ ಉಳಿದದ್ದು ಉದ್ದಕ್ಕೆ ಎರಡು ತೊಲೆ, ಅಡ್ಡಕ್ಕೆ ಐದು ಪಟ್ಟಿ. ಏಣಿಯೊಂದನ್ನು ಮಲಗಿಸಿದ ಹಾಗೆ. ಆ ತೊಲೆಗಳ ತುದಿಯ ತೂತುಗಳಿಂದ ಅವಳು ತೂಗುಗುಂಡು ಇಳಿಬಿಟ್ಟು, ಅದು ಅಲುಗಾಟ ನಿಲ್ಲಿಸುವ ತನಕ ಉಸಿರು ಬಿಗಿಹಿಡಿದು, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ್ದಳು. ಈಗ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಬೇಕು. ಎರಡೂ ಓರೆಗೆರೆಗಳು ಒಂದೇ ಉದ್ದ ಬಂದರೆ ಚಾಸಿ ನೆಟ್ಟಗಿದೆ ಎಂದರ್ಥ.

ಒಂದು ನೂರ ಹದಿನೇಳೂವರೆ ಇಂಚು ಬಂತು. ಇನ್ನೊಂದು ನೂರ ಹದಿನೆಂಟೂವರೆ.

ಅವಳು ಮತ್ತೆ ಅಳೆದಳು. ಮೂರನೆಯ ಸಲವೂ ಅಷ್ಟೇ. ಬಹಳ ಹಿಂದೆ ಈ ಕಾರು ಮೋರಿಯ ಕಟ್ಟೆಗೆ ಗುದ್ದಿತ್ತು, ಮುಂದಿನ ಎಡಮೂಲೆ ಒಳಗೆ ಹೋಗಿತ್ತು, ಅದನ್ನು ಮಾವನೇ ನೆಟ್ಟಗೆ ಮಾಡಿದ್ದರು ಎಂಬುದು ಅವಳಿಗೆ ಗೊತ್ತಿತ್ತು. ಆ ಮೂಲೆಯನ್ನು ಸವರಿ ನೋಡಿದಳು. ಮಾಸಿದ ಗಾಯದ ಹಾಗಿದ್ದ ಆ ಜಾಗದಲ್ಲಿ ಸುಕ್ಕಿಲ್ಲ, ಬಿರುಕಿಲ್ಲ. ನೋಡುತ್ತ ಕೂರಬೇಕೆನ್ನಿಸುವ ಕೆಲಸ. ಆದರೆ ಹಿಂದಿನ ಬಲಮೂಲೆಯಲ್ಲಿ, ಪೆಟ್ಟೇ ಬೀಳದ ಜಾಗದಲ್ಲಿ, ಸರಪಳಿ ಬಿಗಿದ ಮಂಕು ಗುರುತೊಂದಿತ್ತು. ಸರಪಳಿಯ ಹಲ್ಲು ಕಚ್ಚಿದ ಗುರುತಲ್ಲ ಅದು. ನೆನೆಸಿದ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಅಡಿಗೆ ಕೊಟ್ಟು, ಮೇಲೆ ಸರಪಳಿ ಸುತ್ತಿದರೆ ಮಾತ್ರ ಹೀಗೆ ಒತ್ತು ಬೀಳುತ್ತದೆ. ಹಾಗೆ ಮಾಡುವವರು ಈ ಸುತ್ತಮುತ್ತಲಲ್ಲಿ ಮಾವ ಒಬ್ಬರೇ.

ಅವಳು ಟೇಪನ್ನು ಸುತ್ತಿಕೊಂಡಳು. ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ಬಡಗಿಯೂ ಬಂದು ಕರೆಯುವುದು ಮಾವನನ್ನೇ. ಅವರು ಒಂದು ಕಣ್ಣು ಮುಚ್ಚಿ ನೋಡಿ ‘ಸರಿ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ನಲವತ್ತೆರಡು ವರ್ಷದ ‘ಸರಿ’ ಅದು. ನಾಳೆಯಿಂದ ತಾನೇ ಸ್ವಲ್ಪ ಸ್ವಲ್ಪವಾಗಿ ಎಳೆದು ನೆಟ್ಟಗೆ ಮಾಡಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮೋರಿಯ ಮೇಲೆ ಹಾಕಿದರೂ ಆಯಿತು. ಮೋರಿಯೇನು ಎದ್ದುಬಂದು ಸಾಕ್ಷಿ ಹೇಳುವುದಿಲ್ಲ.

“ಎಷ್ಟು ಬಂತಮ್ಮ?” ಮಾವ ಎರಡು ಲೋಟ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಸ್ವಲ್ಪ ವ್ಯತ್ಯಾಸ ಇದೆ ಮಾವ.”

“ಸ್ವಲ್ಪ ಅನ್ನೋದು ಉಪ್ಪಿನ ಲೆಕ್ಕ. ಅದನ್ನ ನಿಮ್ಮತ್ತೆ ಹತ್ರ ಹೇಳು. ನನಗೆ ಎಷ್ಟು ಅಂತ ಹೇಳು.”

“ಒಂದು ಇಂಚು.”

“ಅದಕ್ಕಿಂತ ಹೆಚ್ಚೋ, ಕಮ್ಮಿಯೋ?”

ಸುಳ್ಳು ಹೇಳುವುದಾದರೆ ಇದೇ ಸಮಯ. “ಸರಿಯಾಗಿ ಒಂದು,” ಎಂದಳು.

ಮಾವ ಲೋಟಗಳನ್ನು ಮೇಜಿನ ಮೇಲಿಟ್ಟರು. “ಪೆಟ್ಟು ಬಿದ್ದದ್ದು ಸರಿಯಾಗಿ ಒಂದು ಇಂಚು ಬರಲ್ಲ. ಪೆಟ್ಟಿಗೆ ಲೆಕ್ಕ ಎಲ್ಲಿ ಬರುತ್ತೆ? ಇದು ಲೆಕ್ಕ ಕಲಿತೋರು ಮಾಡಿದ್ದು,” ಎಂದು ಪಂಚೆ ಮೇಲಕ್ಕೆ ಕಟ್ಟಿ ನೆಲಕ್ಕೆ ಅಂಗಾತ ಮಲಗಿ ಚಾಸಿಯ ಅಡಿಗೆ ಸರಿದರು. ಅವರ ಬೆರಳು ತೊಲೆಯ ಉದ್ದಕ್ಕೂ ಓಡಿ ಹಿಂದಿನ ಬಲಮೂಲೆಯಲ್ಲಿ ನಿಂತಿತು. ಚಹಾದ ಮೇಲೆ ಕೆನೆ ಕಟ್ಟಿತು. ಅವಳಿಗೆ ಕಾಣುತ್ತಿದ್ದದ್ದು ಅವರ ಎರಡು ಪಾದಗಳು ಮಾತ್ರ.

ಕೊನೆಗೆ ಅಡಿಯಿಂದಲೇ ಹೆಂಡತಿಯನ್ನು ಕೂಗಿದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ಏನು, ಅಲ್ಲೇ ಹಾಸಿಗೆ ಹಾಸಿಕೊಡ್ಲಾ?” ಎಂದರು.

“ಹಳೇ ಟೇಪಿನ ತುದಿ ಮುರಿದದ್ದು ಯಾವಾಗ ಹೇಳು.”

ಆ ಟೇಪಿನ ಕಥೆ ಸೊಸೆಗೂ ಗೊತ್ತಿತ್ತು. ತುದಿಯ ಕೊಕ್ಕೆ ಕಿತ್ತುಹೋದಾಗ ಮಾವ ಅದನ್ನು ಒಂದನೆಯ ಇಂಚಿನ ಗೆರೆಗೆ ಸರಿಯಾಗಿ ಕತ್ತರಿಸಿದ್ದರು. ಅಂದಿನಿಂದ ಈ ಮನೆಯಲ್ಲಿ ಏನು ಅಳೆದರೂ ಬಂದದ್ದರಲ್ಲಿ ಒಂದು ಕಳೆಯಬೇಕಿತ್ತು. ಮದುವೆಯಾದ ಹೊಸತರಲ್ಲಿ ಅವಳು ಕಳೆಯದೆ ಬಟ್ಟೆ ಅಳೆದು ಹೊಲಿದ ಕಿಟಕಿಯ ಪರದೆ ಒಂದು ಇಂಚು ಗಿಡ್ಡವಾಗಿ, ವರ್ಷವಿಡೀ ಎಲ್ಲರೂ ನಕ್ಕಿದ್ದರು. ಹೊಸ ಟೇಪು ಬಂದದ್ದು ಅವಳು ಕೆಲಸಕ್ಕೆ ಇಳಿದ ಮೇಲೆಯೇ.

“ಮೋರಿಗೆ ಗುದ್ದಿದ ಕಾರು ಬಂದಿತ್ತಲ್ಲ, ಅದೇ ವಾರ,” ಎಂದರು ಅತ್ತೆ. “ನಾನೇ ಬಂದು ಒಂದು ಮೂಲೆ ಓದಿ ಹೇಳಿದ್ದೆ, ನಿಮ್ಮ ಕೈ ಸುಟ್ಟಿತ್ತು ಅಂತ.”

“ಕಳೆದು ಹೇಳಿದ್ಯೋ, ಕಳೆಯದೆ ಹೇಳಿದ್ಯೋ?”

“ಕಳೆದೇ ಹೇಳಿರ್ತೀನಿ. ಕಳೆಯದೆ ಹೇಳಿದ್ರೆ ನೀವು ಬಿಡ್ತಿದ್ರಾ?”

ಚಾಸಿಯ ಅಡಿಯಿಂದ ನಗುವೋ ನಿಟ್ಟುಸಿರೋ ತಿಳಿಯದ ಸದ್ದು ಬಂತು. “ನೀನು ಕಳೆದು ಹೇಳಿದ್ದರಲ್ಲಿ ನಾನು ಇನ್ನೊಂದು ಸಲ ಕಳೆದೆ,” ಎಂದರು ಮಾವ. “ನೆಟ್ಟಗಿದ್ದದ್ದನ್ನ ಒಂದು ಇಂಚು ಗಿಡ್ಡ ಅಂದ್ಕೊಂಡು ಮೂರು ದಿನ ಕೂತು ಎಳೆದಿದ್ದೀನಿ.”

ಅತ್ತೆ ಬಗ್ಗಿ ಗಂಡನಿಗೆ ಕೈ ಕೊಟ್ಟು ಎಬ್ಬಿಸಿ, ಬೆನ್ನಿನ ಧೂಳು ಕೊಡವಿದರು.

“ನರ್ಸಮ್ಮನಿಗೆ ಬರೋಕೆ ಹೇಳು,” ಎಂದರು ಮಾವ.

“ಮೊದಲು ಸರಿ ಮಾಡೋಣ ಮಾವ. ಆಮೇಲೆ ಹೇಳಿದ್ರಾಯ್ತು,” ಎಂದಳು ಸೊಸೆ.

“ಸರಿ ಮಾಡಿದ ಮೇಲೆ ಹೇಳೋದು ಜಂಬ ಕಣಮ್ಮ. ಓರೆ ಇರುವಾಗಲೇ ತೋರಿಸ್ಬೇಕು.”

ಮಧ್ಯಾಹ್ನ ನರ್ಸಮ್ಮ ಬಂದರು. ಎಪ್ಪತ್ತು ದಾಟಿದ ಹೆಂಗಸು, ನಡಿಗೆಯಲ್ಲಿ ಈಗಲೂ ಯಾರದೋ ಹೆರಿಗೆಗೆ ಹೊರಟ ಅವಸರ. ಕೆಲಸದಲ್ಲಿದ್ದಷ್ಟು ಕಾಲ ಇದೇ ಕಾರಿನಲ್ಲಿ ಹಳ್ಳಿಹಳ್ಳಿ ಸುತ್ತಿದವರು. ಮಾವ ಅವರಿಗೆ ಕುರ್ಚಿ ಹಾಕಲಿಲ್ಲ. ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟು, ನೆಲದ ಗುರುತಿನ ಮೇಲೆ ಹಿಡಿಸಿ, ಎರಡೂ ಮೂಲೆ ಅಳೆದು ತೋರಿಸಿದರು. ಆಮೇಲೆ ಎದುರಿಗೆ ನಿಂತು, ಯಾರು ಕಳೆದರು, ಯಾರು ಮತ್ತೆ ಕಳೆದರು ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಮೋರಿಯ ಹೆಸರೆತ್ತಲಿಲ್ಲ.

ನರ್ಸಮ್ಮ ಟೇಪಿನ ತುದಿ ಬಿಡದೆ ಕೇಳಿದರು. “ಹಾಗಾದ್ರೆ ಆ ಕಾರು ಒಂದೇ ಕಡೆಗೆ ಎಳೀತಿದ್ದದ್ದು?”

“ನನ್ನಿಂದ.”

“ಇಪ್ಪತ್ತೆರಡು ವರ್ಷ ಸ್ಟೇರಿಂಗನ್ನ ಬಲಕ್ಕೆ ಅದುಮಿ ಹಿಡಿದೇ ಓಡಿಸಿದ್ದೀನಿ. ರಸ್ತೆನೇ ಓರೆ ಅಂದ್ಕೊಂಡಿದ್ದೆ. ಈ ಭುಜಕ್ಕೆ ವಯಸ್ಸಾಯ್ತು ಅಂತ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು.” ಅವರು ತಮ್ಮ ಬಲಭುಜವನ್ನು ಮುಟ್ಟಿಕೊಂಡರು. “ಈ ನೋವು ನಿಮ್ಮದು ಅಂತಾಯ್ತು.”

“ಬೈದುಬಿಡಿ ಅಮ್ಮ. ನನಗೆ ಹಗುರಾಗುತ್ತೆ.”

“ನಿಮಗೆ ಹಗುರಾಗಲಿ ಅಂತ ನಾನ್ಯಾಕೆ ಬೈಯಲಿ?” ನರ್ಸಮ್ಮ ಟೇಪಿನ ತುದಿಯನ್ನು ಸೊಸೆಯ ಕೈಗೆ ಕೊಟ್ಟರು. “ಓಡಿಸಿ ನೋಡ್ತೀನಿ. ಆಮೇಲೆ ಬೈತೀನಿ.”

ಮರುದಿನ ಮಾವ ಕೆಲಸ ಹಿಡಿದರು. ನೆಲದಲ್ಲಿ ಹುಗಿದ ಕಬ್ಬಿಣದ ಬಳೆಗಳಿಗೆ ಸರಪಳಿ ಕಟ್ಟಿದರು. ಗೋಣಿ ನೆನೆಸಿ, ಮಡಿಸಿ, ತೊಲೆಗೆ ಸುತ್ತಿದರು. ಜಾಕಿಯ ಹಿಡಿ ಸೊಸೆಯ ಕೈಯಲ್ಲಿ. ಮಾವ ತೊಲೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ, ಜ್ವರ ನೋಡುವವರ ಹಾಗೆ ನಿಲ್ಲುತ್ತಿದ್ದರು. “ಒಂದು ಸಲ ಒತ್ತು. ಸಾಕು. ಈಗ ಅದಕ್ಕೆ ಸುಧಾರಿಸ್ಕೊಳ್ಳೋಕೆ ಬಿಡು.” ಕಬ್ಬಿಣ ತನ್ನ ಹಳೆಯ ಚಾಳಿಗೆ ಮರಳುವ ಜಾತಿ, ಬೇಕಾದ ಜಾಗಕ್ಕೆ ತಂದು ಬಿಟ್ಟರೆ ಬೆಳಗಾಗುವುದರಲ್ಲಿ ಹಿಂದಕ್ಕೆ ಹೋಗಿರುತ್ತದೆ. ಎಷ್ಟು ಮುಂದೆ ಒಯ್ದರೆ ಎಷ್ಟು ಹಿಂದೆ ಬರುತ್ತದೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ, ಆ ಅಂಗೈಯಲ್ಲಿತ್ತು. ಪ್ರತಿ ಮುಂಜಾನೆ ಬಿಸಿಲಿಗೆ ಮುಂಚೆ ಇಬ್ಬರೂ ಅಳೆಯುತ್ತಿದ್ದರು. ಅವಳು ಓದಿದ್ದನ್ನು ಮಾವ ಬಾಯಿಬಿಟ್ಟು ಹಾಗೆಯೇ ಹೇಳಿ, ಗೋಡೆಯ ಮೇಲೆ ಹಾಗೆಯೇ ಬರೆಯುತ್ತಿದ್ದರು. ಐದನೆಯ ಬೆಳಿಗ್ಗೆ ಎರಡೂ ನೂರ ಹದಿನೆಂಟು ಬಂದವು. ಮಾವ ‘ಸರಿ’ ಎನ್ನಲಿಲ್ಲ. “ನೀನೇ ಹೇಳು,” ಎಂದರು.

ಅವಳು ಇನ್ನೊಮ್ಮೆ ಎರಡೂ ಕಡೆ ಟೇಪು ಹಿಡಿದು ನೋಡಿದಳು. “ಸರಿ ಇದೆ ಮಾವ.”

ಮೈ ಕೂರಿಸಿ, ಬಣ್ಣ ಬಳಿದು, ಬಾಗಿಲು ಹೊಂದಿಸುವಷ್ಟರಲ್ಲಿ ಬೇಸಿಗೆ ಬಲಿತಿತ್ತು. ನರ್ಸಮ್ಮ ಒಬ್ಬರೇ ಕೂತು ಕಾರು ಹೊರಡಿಸಿದರು. ಮಾವ ಶೆಡ್ಡಿನ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಕೆರೆಯ ದಾರಿಯಲ್ಲಿ ಹೋಗಿ ಸುತ್ತಿಕೊಂಡು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅತ್ತೆ ಧೂಳು ಏಳದಿರಲೆಂದು ಅಂಗಳಕ್ಕೆಲ್ಲ ನೀರು ಚಿಮುಕಿಸಿದ್ದರು.

ಕಾರು ಶೆಡ್ಡಿನ ಹಿಂದಿನ ದಾರಿಯಿಂದ ಬಂದು ಅಂಗಳದ ಅಂಚಿನಲ್ಲಿ ನಿಂತಿತು. ನರ್ಸಮ್ಮ ಇಳಿಯಲಿಲ್ಲ. “ಮೊದಮೊದಲು ನನ್ನ ಕೈಯೇ ಬಲಕ್ಕೆ ಎಳೆದು ಬೇಲಿಗೆ ಹತ್ತಿಸ್ತಿತ್ತು,” ಎಂದರು. “ಆಮೇಲೆ ಕೈ ಸಡಿಲ ಬಿಟ್ಟೆ. ಅದರ ಪಾಡಿಗೆ ಅದು ಹೋಯ್ತು.”

ಮಾವ ಕಿಟಕಿಯ ಹತ್ತಿರ ಹೋದರು. “ಈಗ ಬೈಯಿರಿ.”

“ಎಲ್ಲಿಂದ ಬೈಯಲಿ? ಸಿಟ್ಟೇ ಬರ್ತಿಲ್ಲ.” ನರ್ಸಮ್ಮ ಅವರನ್ನು ನೋಡಿ, ಗೇರಿಗೆ ಕೈ ಹಾಕಿದರು. “ಬಾಕಿ ಇರಲಿ. ನಿಮ್ಮ ಹತ್ರ ನನ್ನದೂ ಏನಾದ್ರೂ ಇರಲಿ.”

ಕಾರು ಅಂಗಳ ದಾಟಿ ಹೋಯಿತು. ಒದ್ದೆ ನೆಲದ ಮೇಲೆ ಗೇಟಿನ ತನಕ ಎರಡೇ ಗೆರೆ ಮೂಡಿದ್ದವು. ಮುಂದಿನ ಚಕ್ರ ಹೋದ ಗುರುತಿನ ಮೇಲೆಯೇ ಹಿಂದಿನದು ಹೋಗಿತ್ತು. ಗೇಟು ಹಾಕಿ ಬರಲು ಹೊರಟ ಮಾವ ಅಂಗಳದ ನಡುವೆ ಕಾಲಿಡದೆ, ಬೇಲಿಯ ಬದಿಯಿಂದ ಬಳಸಿಕೊಂಡು ನಡೆದರು.