ತುಟಿಗೆ ಕೂರದ ಮಾತು

ರಾಮನಗರದಲ್ಲಿ ಮೂವತ್ತು ವರ್ಷ ಸ್ಟುಡಿಯೋ ಇಟ್ಟಿದ್ದ ಮುಬಶ್ಶಿರ್ ಅಂಗಡಿ ಮುಚ್ಚುವ ಮೊದಲು ಹಳೆ ಗಿರಾಕಿಗಳಿಗೆಲ್ಲ ಫೋನ್ ಮಾಡಿದ. ಚನ್ನಪಟ್ಟಣದ ಮಮತಾಗೂ ಮಾಡಿದ.

"ಮೇಡಂ, ನಿಮ್ಮ ಮದುವೆದು ಒರಿಜಿನಲ್ ಕ್ಯಾಸೆಟ್ ಮೂರು ನನ್ನ ಹತ್ರಾನೇ ಅವೆ. ಹಾಡು ಹಾಕೋ ಮೊದ್ಲಿಂದು. ತಗೊಂಡೋಗಿ, ಇಲ್ಲಾಂದ್ರೆ ಗುಜರಿ ಪಾಲಾಯ್ತದೆ."

ಹಾಡು ಹಾಕಿ, ಗುಲಾಬಿ ಹೂವಿನೊಳಗೆ ಗಂಡು ಹೆಣ್ಣಿನ ಮುಖ ಅರಳಿಸಿ ಕೊಟ್ಟಿದ್ದ ಕ್ಯಾಸೆಟ್ಟು ಎಂದೋ ಫಂಗಸ್ ಹಿಡಿದು ಹೋಗಿತ್ತು. ಮಮತಾ ಹೋಗಿ ಮೂರನ್ನೂ ತಂದಳು. ಮುಬಶ್ಶಿರ್ ತನ್ನ ವಿಸಿಆರ್ ಅನ್ನೂ ಕೊಟ್ಟು, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಹೇಗೆ ಒರೆಸಬೇಕೆಂದು ತೋರಿಸಿ ಕಳಿಸಿದ. ಮಮತಾ ಸರ್ಕಾರಿ ಹೈಸ್ಕೂಲಿನ ಕನ್ನಡ ಟೀಚರು. ಬೇಸಿಗೆ ರಜೆ. ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸುವುದು ಎರಡು ದಿನದ ಕೆಲಸ ಅಂದುಕೊಂಡಳು.

ಅಂದುಕೊಂಡದ್ದೇ ತಪ್ಪು. ಮೂರು ಗಂಟೆಯ ಕ್ಯಾಸೆಟ್ಟು ಇಳಿಯಲು ಮೂರು ಗಂಟೆಯೇ ಬೇಕು. ಅಷ್ಟು ಹೊತ್ತೂ ಯಾರೂ ಏನನ್ನೂ ಮುಟ್ಟಬಾರದು. ಅತ್ತೆ ನಾಗಲಕ್ಷ್ಮಮ್ಮ ಮೊದಲ ದಿನವೇ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು.

"ನಿಲ್ಸು ನಿಲ್ಸು. ಅದ್ಯಾರು, ಬೈರಾಪಟ್ಟಣದೋಳಾ?"

"ಈಗ ನಿಲ್ಲಿಸೋ ಹಾಗಿಲ್ಲ ಅತ್ತೆ. ಇಳೀಲಿ, ಆಮೇಲೆ ನೋಡೋಣ."

"ಒಸಿ ನಿಲ್ಸಿದ್ರೆ ಏನಾದದು?" ಎಂದು ಅತ್ತೆ ತಾವೇ ಕೈಚಾಚಿ ವಿಸಿಆರಿನ ಗುಂಡಿ ಒತ್ತಿದರು. ಒಂದೂಕಾಲು ಗಂಟೆಯ ಕೆಲಸ ಹಾಳಾಯಿತು. ಮತ್ತೆ ಮೊದಲಿಂದ. ಎರಡನೇ ಸಲ ಮುಗಿಯಲು ಇಪ್ಪತ್ತು ನಿಮಿಷ ಇದೆ ಎನ್ನುವಾಗ ಕರೆಂಟು ಹೋಯಿತು. ಅತ್ತೆ ಬೀಸಣಿಗೆ ತಂದು, "ಬುಡು, ನಾಳೆ ಮಾಡೀವಂತೆ" ಅಂದರು, ತಮ್ಮದೇನೂ ಪಾತ್ರವಿಲ್ಲದವರ ಹಾಗೆ.

ಇಷ್ಟರಲ್ಲಿ ಗಂಡ ಕೆಂಪರಾಜು ವಿಷಯವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದ. ಅವನು ಹಾಲಿನ ಸೊಸೈಟಿಯ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಡೇರಿ, ಮಧ್ಯಾಹ್ನ ಪೂರ್ತಿ ಫೋನು. ಮಾರನೆಯ ದಿನವೇ ಮಾಗಡಿ ಕಡೆ ಕಲ್ಯದಿಂದ ಅವನ ಚಿಕ್ಕಪ್ಪ ಕರಿಯಪ್ಪನ ಫೋನು ಬಂತು.

"ನೋಡವ್ವ ಮಮತಾ, ನಮ್ಮ ಷಡ್ಡಕ ಎಲ್ಲೆಲ್ಲಿ ಬತ್ತಾನೋ ಅಲ್ಲೆಲ್ಲ ತೆಗೆದುಬುಡು. ಬೋರ್‌ವೆಲ್ ವಿಚಾರದಾಗೆ ನಂಗೂ ಅವನ್ಗೂ ಮಾತಿಲ್ಲ."

"ಚಿಕ್ಕಮಾವ, ಮದುವೆ ಪೂರ್ತಿ ನೀವು ಅವರ ಹೆಗಲ ಮೇಲೆ ಕೈ ಹಾಕ್ಕೊಂಡೇ ಇದ್ದೀರ. ಅವರನ್ನ ತೆಗೆದ್ರೆ ನೀವೂ ಹೋಗ್ತೀರ."

"ನನ್ ಕೈಯೊಂದು ಬುಟ್ಟು ಅವನ್ನ ತೆಗಿಯೋಕೆ ಆಗಾಕಿಲ್ವಾ?"

ಆ ಫೋನು ಇಡುವಷ್ಟರಲ್ಲಿ ಉಯ್ಯಂಬಳ್ಳಿಯಿಂದ ಗಂಡನ ಅಕ್ಕ ಮಾಯಮ್ಮ. ತಾನು ಜರತಾರಿ ಸೀರೆಯಲ್ಲಿ ಓಡಾಡಿದ್ದು ಒಂದೂ ಬಿಡದೆ ಇರಬೇಕು. ಊಟದ ಪಂಕ್ತಿಯಲ್ಲಿ ಕೂತದ್ದು ಮಾತ್ರ ಇರಕೂಡದು, ಒಬ್ಬಟ್ಟು ತಿನ್ನುವುದನ್ನೇ ಆ ಪುಣ್ಯಾತ್ಮ ಕ್ಯಾಮೆರಾ ಹಿಡಿದು ತೆಗೆದಿದ್ದಾನಂತೆ. ಕೆಂಪರಾಜುವಿಗೆ ಎಲ್ಲ ಕಡೆ ಹಾಡು ಬೇಕು. ಅತ್ತೆಗೆ ತೀರಿಹೋದವರೆಲ್ಲ ಮೊದಲು ಬರಬೇಕು. ಮಮತಾ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಳ್ಳತೊಡಗಿದಳು. ಎರಡು ಹಾಳೆಯಾದಾಗ ಬರೆಯುವುದನ್ನು ನಿಲ್ಲಿಸಿದಳು.

ಅಂತೂ ಐದನೇ ದಿನ ಎರಡು ಕ್ಯಾಸೆಟ್ಟು ಇಳಿದವು. ಆಗ ಹೊಸ ಗೋಳು. ಮಾತು ಒಂದು ಕಡೆ, ತುಟಿ ಒಂದು ಕಡೆ. ಪುರೋಹಿತರು ಬಾಯಿ ಮುಚ್ಚಿದ ಮೇಲೂ ಮಂತ್ರ ಕೇಳಿಸುತ್ತದೆ. ಯಾರಾದರೂ ಹತ್ತಿರದಲ್ಲಿ ಮಾತಾಡುವ ಕಡೆ ಧ್ವನಿಯನ್ನು ತುಟಿಗೆ ಸರಿಯಾಗಿ ಕೂರಿಸಿದರೆ ಉಳಿದದ್ದೂ ಸರಿಹೋಗುತ್ತದೆ ಎಂದು ಮುಬಶ್ಶಿರ್ ಫೋನಿನಲ್ಲಿ ಹೇಳಿಕೊಟ್ಟ. ಮಮತಾ ಹುಡುಕಿದಳು. ಎರಡನೇ ಕ್ಯಾಸೆಟ್ಟಿನಲ್ಲಿ, ಮುಹೂರ್ತಕ್ಕೆ ಮೊದಲು, ಗಂಡಿನ ಕೋಣೆಯಲ್ಲಿ ಗೆಳೆಯ ಲೋಕೇಶ್ ಕೆಂಪರಾಜುವಿಗೆ ಬಾಸಿಂಗ ಕಟ್ಟುತ್ತಿದ್ದ. ಲೈಟಿನ ಬಲ್ಬು ಬದಲಿಸಲೋ ಏನೋ, ಮುಬಶ್ಶಿರ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಓಡಲು ಬಿಟ್ಟು ಆಚೆ ಹೋಗಿದ್ದಿರಬೇಕು. ಇಬ್ಬರ ಮುಖವೂ ಹತ್ತಿರದಲ್ಲಿ, ನಿಚ್ಚಳವಾಗಿತ್ತು.

ಪ, ಬ, ಮ ಅನ್ನುವಾಗ ತುಟಿ ಮುಚ್ಚಲೇಬೇಕು. ಎಂಟನೇ ಕ್ಲಾಸಿನ ಮಕ್ಕಳಿಗೆ ಅವಳೇ ಕಲಿಸುವ ಪಾಠ. ಹೆಡ್‌ಫೋನ್ ಹಾಕಿಕೊಂಡು, ಗಂಡನ ತುಟಿ ಮುಚ್ಚುವ ಜಾಗಕ್ಕೆ ಅವನ ಮಾತಿನ 'ಮ'ವನ್ನು ಎಳೆದು ತಂದಳು. ಒಸಿ ಮುಂದೆ ಹೋಯಿತು. ಹಿಂದೆ ತಂದಳು. 'ಬ' ತಪ್ಪಿತು. ಮತ್ತೆ ಸರಿಸಿದಳು. ಹೀಗೆ ಹತ್ತು ಹನ್ನೆರಡು ಸಲ ಅದೇ ತುಣುಕು ಓಡಿಸಿದಳು. ಕಡೆಗೆ ಮೂರು ಅಕ್ಷರವೂ ತುಟಿಗೆ ಕೂತಾಗ, ಅಬ್ಬ ಎಂದು ಒರಗಿಕೊಂಡು, ಮೊದಲ ಬಾರಿಗೆ ಆ ಮಾತು ಏನೆಂದು ಕೇಳಿಸಿಕೊಂಡಳು.

"ಏನ್ಲಾ, ಮೊಕ ಇಂಗ್ ಮಾಡ್ಕಂಡಿದ್ದೀಯ?" ಅನ್ನುತ್ತಿದ್ದ ಲೋಕೇಶ್.

"ನಂಗೆ ಮನಸ್ಸಿಲ್ಲ ಕಣ್ಲಾ. ಅವ್ವ ಅನ್ನ ಬುಟ್ಟು ಕುಂತ್ಲು, ಅದ್ಕೆ ಒಪ್ಕಂಡೆ."

ಮಮತಾ ಹೆಡ್‌ಫೋನ್ ತೆಗೆದಳು. ಅಳು ಬರಲಿಲ್ಲ, ಬಂದದ್ದು ಸಿಟ್ಟು. ಅವನಿಗೆ ಆಗ ಮನಸ್ಸಿರಲಿಲ್ಲ ಎನ್ನುವುದಕ್ಕಲ್ಲ. ಅವಳಿಗಾದರೂ ಎಲ್ಲಿತ್ತು? ಬಿ.ಎಡ್ ಅರ್ಧಕ್ಕೆ ಬಿಡಿಸುತ್ತಾರೆಂಬ ಹೆದರಿಕೆಯಲ್ಲೇ ಹಸೆಮಣೆ ಏರಿದ್ದಳು. ಸಿಟ್ಟು ಬಂದದ್ದು ಅವನು ಇಪ್ಪತ್ತೇಳು ವರ್ಷದಿಂದ ಸಿಕ್ಕಸಿಕ್ಕವರಿಗೆ ಹೇಳುತ್ತಾ ಬಂದ ಕತೆಗೆ. ಹೆಣ್ಣು ನೋಡಲು ಹೋದಾಗ ಕಾಫಿ ಲೋಟ ಕೆಳಗಿಡುವ ಮೊದಲೇ 'ಇವಳೇ' ಅಂದೆ ಎಂಬ ಕತೆ. ಆ ಕತೆಯನ್ನು ನಂಬಿ, ಅಷ್ಟು ಮನಸ್ಸು ತನಗಿರಲಿಲ್ಲವಲ್ಲ ಎಂದು ಅವಳು ಎಷ್ಟು ವರ್ಷ ಒಳಗೊಳಗೇ ತಪ್ಪಿತಸ್ಥೆಯ ಹಾಗೆ ಬಾಳಿದ್ದಳು.

ಕೆಂಪರಾಜು ಊಟ ಮುಗಿಸಿ ಕೈ ಒರೆಸುತ್ತಿದ್ದ.

"ಇಲ್ಲಿ ಬನ್ನಿ. ಮಾತು ತುಟಿಗೆ ಸರಿಯಾಗಿ ಕೂತಿದೆಯಾ, ನೋಡಿ ಹೇಳಿ" ಎಂದು ಸ್ಪೀಕರಿನಲ್ಲಿ ಹಾಕಿದಳು.

ಅವನು ಕೇಳಿದ. ಟವೆಲು ಕೈಯಲ್ಲೇ ಉಳಿಯಿತು.

"ಕೂತೈತೆ" ಅಂದ. ಆಮೇಲೆ, "ಇದೊಂದ್ ಕಟ್ ಮಾಡ್ಬುಡು."

"ನಿಮ್ಮ ಚಿಕ್ಕಪ್ಪಂದು, ನಿಮ್ಮಕ್ಕಂದು ಎಲ್ಲ ಇದಾವೆ ಎರಡು ಹಾಳೆ. ಅವರ ಹಿಂದೆ ನಿಂತ್ಕೊಳ್ಳಿ."

ಒಳಗಿನಿಂದ ಅತ್ತೆ ಬಂದರು. ಕಿವಿ ಇನ್ನೂ ಚುರುಕು. "ಯಾವಾಗ್ಲಾ ನಾನ್ ಅನ್ನ ಬುಟ್ಟಿದ್ದು? ಒಂದೊತ್ತು ಬುಟ್ಟಿದ್ದೆ, ಅವತ್ತು ಶನಿವಾರ. ವಾರವಾರ ಬುಡ್ತಿರ್ನಿಲ್ವಾ?"

ಕೆಂಪರಾಜು ತಾಯಿಯ ಮುಖವನ್ನೇ ನೋಡಿದ. "ಮತ್ತೆ ಯಾಕವ್ವ ಹೇಳ್ನಿಲ್ಲ?"

"ನೀನು ಕೇಳುದ್ಯಾ?" ಎಂದು ಅವರು ಅಡಿಗೆಮನೆಗೆ ಹೊರಟುಹೋದರು.

ಮಮತಾಗೆ ನಗು ಬರುವ ಹಾಗಾಯಿತು. ಆದರೆ ನಗಲಿಲ್ಲ. ಅಷ್ಟು ಸುಲಭವಾಗಿ ಬಿಡುವ ಮನಸ್ಸಿರಲಿಲ್ಲ. "ಮನಸ್ಸಿಲ್ಲ ಅಂದಿದ್ದು ದೊಡ್ಡದಲ್ಲ. ಕಾಫಿ ಲೋಟದ ಕತೆ ಯಾಕೆ ಕಟ್ಟಿದ್ರಿ?"

ಅವನು ತಾಯಿ ಕೂರುತ್ತಿದ್ದ ಕುರ್ಚಿಯಲ್ಲಿ ಕೂತ. "ನಿಮ್ಮಪ್ಪ ಒಂದ್ಸಲ ಕೇಳಿದ್ರು, ನನ್ನ ಮಗಳು ನಿಮ್ಗೆ ಒಪ್ಗೆ ಆದ್ಲಾ ಅಂತ. ಏನೇಳದು? ಬಾಯಿಗೆ ಬಂದಿದ್ದು ಹೇಳ್ದೆ. ಅವರು ಎಲ್ರಿಗೂ ಹೇಳ್ಕಂಡು ಬಂದ್ರು. ಆಮೇಲೆ ಇಲ್ಲ ಅನ್ನೋಕಾದದಾ?"

"ಅವರು ಹೋಗಿ ಹದಿನಾಲ್ಕು ವರ್ಷ ಆಯ್ತು."

"ಅಷ್ಟೊತ್ಗೆ ನಿಜವಾಗ್ಬುಟ್ಟಿತ್ತು ಕಣೆ" ಅಂದ, ನೆಲ ನೋಡುತ್ತಾ. "ಯಾವಾಗ ಅಂತ ಕೇಳ್ಬೇಡ. ಬಿ.ಎಡ್ ಪರೀಕ್ಸೆಗೆ ಓದ್ತಾ, ಟಿವಿ ಸೌಂಡ್ ಕಮ್ಮಿ ಮಾಡ್ಲಿಲ್ಲ ಅಂತ ನನ್ ಮೇಲೆ ಪುಸ್ತಕ ಎಸೆದೆಯಲ್ಲ. ಅವತ್ತು ಇರ್ಬೌದು. ಗ್ಯಾನ ಇಲ್ಲ."

ಅವಳಿಗೂ ಆ ದಿನ ನೆನಪಿತ್ತು. ಪುಸ್ತಕ ತಗುಲಿದ್ದು ಅವನ ಮೊಣಕೈಗೆ. ಬೈಸಿಕೊಳ್ಳಬೇಕು ಎಂದು ಕಾದಿದ್ದಳು. ಅವನು ಎದ್ದು ಟಿವಿಯನ್ನೇ ಆರಿಸಿದ್ದ. ಸಿಟ್ಟು ಪೂರ್ತಿ ಹೋಗಲಿಲ್ಲ, ಇನ್ನೂ ಮೂರು ನಾಲ್ಕು ದಿನ ಇದ್ದೇ ಇತ್ತು. ಆದರೆ ಆ ಮಧ್ಯಾಹ್ನ ಎದೆಯ ಮೇಲಿಂದ ಒಂದು ಭಾರ ಇಳಿದದ್ದೂ ನಿಜ. ಇಬ್ಬರೂ ಒಂದೇ ಥರ ಮನಸ್ಸಿಲ್ಲದೆ ಹಸೆಗೆ ಬಂದವರು. ಅವಳೇನೂ ಅವನಿಗೆ ಬಾಕಿ ಉಳಿಸಿಕೊಂಡವಳಲ್ಲ.

ಎರಡು ಹಾಳೆಯನ್ನೂ ಹರಿದು ಗುಂಪಿಗೆ ಬರೆದಳು: ಏನೂ ಕಟ್ ಮಾಡುವುದಿಲ್ಲ, ಹಾಡೂ ಹಾಕುವುದಿಲ್ಲ, ಮೂರು ಕ್ಯಾಸೆಟ್ಟಿನ ಒಂಬತ್ತು ಗಂಟೆಯೂ ಇದ್ದದ್ದು ಇದ್ದ ಹಾಗೇ ಬರುತ್ತದೆ, ಬೇಡವಾದವರು ನೋಡಬೇಡಿ. ಕರಿಯಪ್ಪ ಸಿಟ್ಟಾಗಿ ಗುಂಪಿನಿಂದಲೇ ಹೊರಹೋದರು. ಮಾಯಮ್ಮ ಮಾತ್ರ, ಜರತಾರಿ ಸೀರೆ ಇರ್ತದಲ್ವಾ ಎಂದು ಕೇಳಿದಳು.

ಮರುದಿನ ಮೂರನೇ ಕ್ಯಾಸೆಟ್ಟು ಹಾಕುವಾಗ ಕೆಂಪರಾಜು ಕರೆಯದೆಯೇ ಬಂದು ಕೂತ. ಕುರ್ಚಿಯ ಕಾಲು ವಿಸಿಆರಿನಿಂದ ಕಂಪ್ಯೂಟರಿಗೆ ಬಂದ ಹಳದಿ ವೈರಿನ ಮೇಲಿತ್ತು.

"ಕುರ್ಚಿ ಸರಿಸಿ, ವೈರು ಕಿತ್ತೋಗುತ್ತೆ."

ಸರಿಸಿದ. ಐದು ನಿಮಿಷ ಪರದೆ ನೋಡಿ, "ಆ ಪೇಟದ ಮುದುಕ ಯಾರು?" ಅಂದ.

"ನಿಮ್ಮ ಸೋದರಮಾವ ರೀ."

"ಓ. ಒಸಿ ನಿಲ್ಸು, ಸರ್ಯಾಗಿ ನೋಡ್ತೀನಿ."

ಮಮತಾ ಅವನ ಕೈ ಹಿಡಿದುಕೊಂಡಳು. ಗುಂಡಿ ಒತ್ತಿಬಿಟ್ಟಾನು ಎಂಬ ಭಯ. ಇಳಿದು ಮುಗಿಯುವವರೆಗೂ ಬಿಡಲಿಲ್ಲ.